ಬಾಗಿಲ ಮರೆಗೆ ಬೇಕಾದ ಲೆನ್ಸು

ಹೊಸಕೋಟೆ ಬಸ್ ಸ್ಟ್ಯಾಂಡಿನ ಹಿಂದಿದ್ದ ಸ್ಟುಡಿಯೊದಲ್ಲಿ ಮಮತ ಎಂಟು ವರ್ಷದಿಂದ ಮದುವೆ ಆಲ್ಬಮ್ ಜೋಡಿಸುತ್ತಿದ್ದಳು. ಏರ್‌ಪೋರ್ಟ್ ಬಂದು ಸುತ್ತಲ ಜಮೀನಿಗೆ ಬೆಲೆ ಏರಿದಂತೆ ಆಲ್ಬಮ್ಮುಗಳೂ ಮೈತುಂಬಿಕೊಂಡಿದ್ದವು. ಒಂದೊಂದನ್ನು ಎತ್ತಲು ಇಬ್ಬರು ಬೇಕು. ಫೋಟೋ ತೆಗೆಯುವವರೆಲ್ಲ ಗಂಡಸರು, ಕಂಪ್ಯೂಟರಿನಲ್ಲಿ ಅದನ್ನು ತಿದ್ದಿ ತೀಡುವುದು ಇವಳ ಪಾಲು. ತಾನೂ ಕ್ಯಾಮೆರಾ ಹಿಡಿಯಬೇಕೆಂಬ ಆಸೆಯಿಂದ ಚೀಟಿ ಹಾಕಿದ್ದಳು. 2012ರ ದಸರಾ ಹೊತ್ತಿಗೆ ಮೂವತ್ತಾರು ಸಾವಿರ ಕೈಗೆ ಬಂತು.

ಹಬ್ಬದ ಆಫರಿನಲ್ಲಿ ಹೊಸಬರಿಗೆಂದೇ ಮಾಡಿದ ಡಿಎಸ್‌ಎಲ್‌ಆರ್ ಕ್ಯಾಮೆರಾ ಜೊತೆ ಎರಡು ಲೆನ್ಸು ಬರುತ್ತಿದ್ದವು: ಒಂದು ಮಾಮೂಲಿ, ಇನ್ನೊಂದು ದೂರದ್ದನ್ನು ಹತ್ತಿರ ಎಳೆಯುವ ಉದ್ದನೆಯ ಜೂಮ್. ಇಲ್ಲವೇ ಆ ಉದ್ದದ್ದನ್ನು ಬಿಟ್ಟು, ಅದೇ ದುಡ್ಡಿಗೆ ಅರ್ಧ ಲೋಟದಷ್ಟು ಗಿಡ್ಡನೆಯ ಐವತ್ತು ಎಂಎಂ ಲೆನ್ಸ್ ಕೊಳ್ಳಬಹುದು. ಅದಕ್ಕೆ ಜೂಮ್ ಇಲ್ಲ, ಬೇಕಾದರೆ ನಾವೇ ಹಿಂದೆ ಮುಂದೆ ನಡೆಯಬೇಕು. ಆದರೆ ಮಬ್ಬು ಬೆಳಕಿನಲ್ಲೂ ಫ್ಲ್ಯಾಶ್ ಇಲ್ಲದೆ ಫೋಟೋ ಬರುತ್ತದೆ.

"ಕಣ್ ಮುಚ್ಕೊಂಡು ಉದ್ದದ್ದೇ ತಗೊಳಮ್ಮ," ಎಂದರು ಸ್ಟುಡಿಯೊ ಯಜಮಾನ ಮೂರ್ತಿ. "ನಮ್ ಜನ ಲೆನ್ಸ್ ಉದ್ದ ನೋಡಿ ಆರ್ಡರ್ ಕೊಡೋದು. ಆ ಚೋಟುದ್ದ ಹಿಡ್ಕೊಂಡ್ ಹೋದ್ರೆ ಫೋಟೋಗ್ರಾಫರ್ ಅಂತ ಯಾರ್ ಒಪ್ತಾರೆ?"

ಮಾತು ಸುಳ್ಳಲ್ಲ. ಮಮತ ಒಂದು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಹಳೆಯ ಮದುವೆಗಳ ಫೋಟೋ ತೆರೆದು ಕೂತಳು. ಯಾವುದನ್ನು ಯಾವ ಲೆನ್ಸಿನಲ್ಲಿ ತೆಗೆದದ್ದೆಂದು ಕಂಪ್ಯೂಟರೇ ಹೇಳುತ್ತಿತ್ತು. ಜನ ಆಲ್ಬಮ್ಮಿಗೆ ಆರಿಸಿದ್ದರಲ್ಲಿ ಉದ್ದ ಲೆನ್ಸಿನವು ಬೆರಳೆಣಿಕೆಯಷ್ಟು. ಬಳೆ ಶಾಸ್ತ್ರದ ಫೋಟೋಗಳು ಬಂದಾಗ ಅವಳ ಕೈ ನಿಂತಿತು. ಆ ಶಾಸ್ತ್ರ ನಡೆಯುವುದು ನಡುಮನೆಯ ಅರೆಗತ್ತಲಲ್ಲಿ. ಮುತ್ತೈದೆಯರು ಮದುಮಗಳ ಸುತ್ತ ಕೂರುತ್ತಾರೆ. ಗಂಡ ಸತ್ತವರು ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು ಇಣುಕುತ್ತಾರೆ. ಫ್ಲ್ಯಾಶ್ ಹೊಳೆದರೆ ಸಾಕು, ತಪ್ಪು ಮಾಡಿದವರಂತೆ ಒಳಗೆ ಸರಿಯುತ್ತಾರೆ. ಹಾಗಿದ್ದೂ ಫೋಟೋದಲ್ಲಿ ಸಿಕ್ಕಿಬಿದ್ದವರನ್ನು ಅಳಿಸಿ, ಅಲ್ಲೊಂದು ಹೂವಿನ ಸರ ಅಂಟಿಸುವುದು ಇವಳ ಕೆಲಸ. ಮನೆಯವರು ಹೇಳುವ ಮೊದಲೇ ಮಾಡಿಡುವಷ್ಟು ಅಭ್ಯಾಸವಾಗಿತ್ತು. ಎಷ್ಟು ಜನ ಅಜ್ಜಿಯರನ್ನು ಒರೆಸಿ ಹಾಕಿದೆನೋ ಎಂದು ಮಮತಳಿಗೆ ನಾಚಿಕೆಯಾಯಿತು. ಮರುದಿನ ಹೋಗಿ ಗಿಡ್ಡ ಲೆನ್ಸನ್ನೇ ತಂದಳು.

ಮೊದಲ ಆರ್ಡರು ಜಡಿಗೇನಹಳ್ಳಿಯ ಅನುಸೂಯಮ್ಮನ ಮಗಳ ಬಳೆ ಶಾಸ್ತ್ರ. ಇದು ಚೆನ್ನಾಗಿ ಬಂದರೆ ಮದುವೆಯನ್ನೂ ಕೊಡುವ ಮಾತಾಗಿತ್ತು. ಕ್ಯಾಮೆರಾ ನೋಡಿದ್ದೇ ಅನುಸೂಯಮ್ಮ ಮೂಗು ಮುರಿದರು.

"ಇಷ್ಟೇನಾ? ದೊಡ್ಡದಿಲ್ವೇನಮ್ಮ?"

"ಇಷ್ಟೇ ಅಕ್ಕ," ಎಂದಳು ಮಮತ.

ಎಲ್ಲರನ್ನೂ ಒಟ್ಟಿಗೆ ಕೂರಿಸಿದಾಗ ಮಾಮೂಲಿ ಲೆನ್ಸ್ ಹಾಕಿದಳು. ಬಳೆಗಾರ ಬಳೆಗಳ ಮಲಾರ ಬಿಚ್ಚಿದ ಮೇಲೆ ಗಿಡ್ಡದ್ದು. ಹಿಂದೆ ಹಿಂದೆ ಸರಿದಂತೆ ಬೆನ್ನು ರಾಗಿ ಮೂಟೆಗೆ ತಾಗಿತು. ಅಲ್ಲಿಂದ ಅಡುಗೆಮನೆ ಬಾಗಿಲು ಕಾಣುತ್ತಿತ್ತು. ಅನುಸೂಯಮ್ಮನ ತಾಯಿ ಮುನಿತಾಯಮ್ಮ ಬರಿಗೈಯಲ್ಲಿ ಬಾಗಿಲವಾಡ ಹಿಡಿದು, ಮೊಮ್ಮಗಳ ಕೈಗೆ ಏರುವ ಒಂದೊಂದು ಬಳೆಯನ್ನೂ ನೋಡುತ್ತ ತಮ್ಮಷ್ಟಕ್ಕೆ ನಗುತ್ತಿದ್ದರು. ಫ್ಲ್ಯಾಶ್ ಹೊಳೆಯಲಿಲ್ಲ. ಅಜ್ಜಿ ಕದಲಲಿಲ್ಲ.

ಆ ಫೋಟೋ ನೋಡಿ ಮೂರ್ತಿ ಹೌಹಾರಿದರು. "ಶಾಸ್ತ್ರದ ಆಲ್ಬಮ್ಮಿಗೆ ಇದಾ? ಮದ್ವೆ ಆರ್ಡರ್ ಕಳ್ಕೊತೀಯ. ಅಳ್ಸು."

ಮಮತ ಅಳಿಸಲಿಲ್ಲ. ಧೈರ್ಯದಿಂದಲ್ಲ, ಇನ್ನೊಬ್ಬ ಅಜ್ಜಿಯನ್ನು ಒರೆಸಲು ಮನಸ್ಸು ಬರಲಿಲ್ಲ, ಅಷ್ಟೇ.

ಫೋಟೋ ಆರಿಸಲು ಬಂದ ದಿನ ಅನುಸೂಯಮ್ಮ ಒಂದೇ ಸಮನೆ ಮಾತಾಡುತ್ತಿದ್ದರು. ಆ ಫೋಟೋ ಬಂದಾಗ ಪರದೆಯ ಹತ್ತಿರಕ್ಕೆ ಬಾಗಿದರು.

"ಬೇಡ ಅಂದ್ರೆ ತೆಗೆದ್ಬಿಡ್ತೀನಿ ಅಕ್ಕ," ಎಂದಳು ಮಮತ.

"ನಂಗೆ ಐದು ವರ್ಷ ಇದ್ದಾಗ ನಮ್ಮಪ್ಪ ಹೋಗ್ಬಿಟ್ರು," ಎಂದರು ಅನುಸೂಯಮ್ಮ. "ಕೂಲಿ ಮಾಡಿ ನನ್ ಮದ್ವೆ ಮಾಡಿದ್ದು ನಮ್ಮವ್ವ ಒಬ್ಳೇ. ನನ್ ಮದ್ವೆ ಆಲ್ಬಮ್ ಪೂರ್ತಿ ಹುಡುಕಿದ್ರೂ ಅವ್ಳು ಎಲ್ಲೂ ಇಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಗಣಪತಿ ಫೋಟೋ ಆದ್ಮೇಲೆ ಮೊದಲ್ನೇದು ಇದೇ ಇರ್ಲಿ. ಮದ್ವೆಗೂ ನೀನೇ ಬಾ. ಎಷ್ಟ್ ಕರೆದ್ರೂ ಅವತ್ತೂ ಅವ್ವ ಎಲ್ಲೋ ಮರೇಲೇ ನಿಂತಿರ್ತಾಳೆ. ಹುಡುಕಿ ಫೋಟೋ ತೆಗಿ."