ಅವ್ವ ಹಂಚಿದ ಹೆಸರು

ಅವ್ವನನ್ನು ಮಣ್ಣಿಗಿಟ್ಟ ಮೂರನೆಯ ದಿನ, ಖಾನಾಪುರದ ದವಾಖಾನೆಯ ಹಿಂದಿನ ನಮ್ಮ ಕ್ವಾರ್ಟರ್ಸಿನಲ್ಲಿ, ನಾನು ಸೋದರಮಾವನಿಗೆ ಹೇಳಿಬಿಟ್ಟೆ: ಹನ್ನೊಂದನೆಯ ದಿನ ಗಣಾರಾಧನೆಯಿಲ್ಲ, ಊಟವಿಲ್ಲ, ಸಭೆ ನಡೆಯುತ್ತದೆ, ನಾನು ಮಾತನಾಡುತ್ತೇನೆ. ಜೀವಮಾನವಿಡೀ ಹೆರಿಗೆ ಮಾಡಿಸಿದ ಅವ್ವನಂಥ ನರ್ಸೊಬ್ಬಳನ್ನು ಜಾಂಬೋಟಿಯ ಮಳೆಯಲ್ಲಿ ಜೀಪಿಲ್ಲದೆ ನಡೆಸಿದ ಇಲಾಖೆಯವರು ಉತ್ತರ ಕೊಡಲಿ ಎಂದು ನಾಲ್ಕು ಪುಟ ಬರೆದಿಟ್ಟಿದ್ದೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬೆಳಗಾವಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ನನಗೆ, ಜವಾಬು ಕೇಳದ ದುಃಖ ಹೇಡಿತನವೆನಿಸುತ್ತಿತ್ತು.

ಅಡ್ಡ ಬಂದವಳು ದವಾಖಾನೆಯ ಆಯಾ; ಅವ್ವನೊಂದಿಗೆ ಆ ಹಾದಿಗಳನ್ನೆಲ್ಲ ತುಳಿದ ಮರಾಠಿ ಮನೆಯ ಹೆಂಗಸು. ನಾನು ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ; ಆಕೆಯೂ ಊರವರೂ ಅವ್ವನನ್ನು ‘ಬಾಯಿ’ ಎಂದೇ ಕರೆಯುತ್ತಿದ್ದರು.

"ಸಭಾ ಬ್ಯಾಡ, ಮಗಳ. ಬಾಯಿ ಎಲ್ಲಾ ನನಗ ಹೇಳಿಟ್ಟಾಳ. ಆಕಿ ಕೈಯಾಗ ಹುಟ್ಟಿದವರು ಬರಬೇಕು, ಹೆಸರು ಹೇಳಬೇಕು, ಊರು ಹೇಳಬೇಕು, ಚಾ ಕುಡದು ಹೋಗಬೇಕು. ಭಾಷಣ ಬ್ಯಾಡಂತ."

"ನನಗ್ಯಾಕ ಹೇಳಲಿಲ್ಲ?"

"ನೀ ಬಂದಾಗೊಮ್ಮೆ ನೀನ ಮಾತಾಡ್ತಿದ್ದಿ. ಆಕಿ ಯಾವಾಗ ಹೇಳಬೇಕು?"

ಒಂದೇ ಕೊಡೆಯ ಕೆಳಗೆ ಅವ್ವನ ಭುಜಕ್ಕೆ ಭುಜ ತಾಗಿಸಿ ನಡೆದವಳು ಈಕೆ, ಒಂದೇ ಡಬ್ಬಿಯಲ್ಲಿ ಉಂಡವಳು ಈಕೆ. ಬೆಳಗಾವಿಯ ಹಾಸ್ಟೆಲಿನಲ್ಲಿ ಬೆಳೆದ ನನಗೆ ತಿಂಗಳಿಗೊಂದು ಕಾಗದ. ಈಗ ಅವ್ವನ ಕೊನೆಯ ಮಾತೂ ಈಕೆಯ ಪಾಲಾಗಿತ್ತು. ಆದರೂ ಅವ್ವನ ಇಚ್ಛೆ ಮುರಿಯುವ ಧೈರ್ಯ ನನಗಾಗಲಿಲ್ಲ. ಪುಟಗಳನ್ನು ಮಾತ್ರ ಕೈಚೀಲದಲ್ಲೇ ಇಟ್ಟುಕೊಂಡೆ.

ಹನ್ನೊಂದನೆಯ ದಿನ ದೇಸೂರಿನವರು ರೈಲಿನಲ್ಲಿ ಬಂದರು, ಜಾಂಬೋಟಿ ಕಡೆಯವರು ಬಸ್ಸಿನಲ್ಲಿ. ಅಂಗಳದಲ್ಲಿ ಹಾಸಿದ ಜಮಖಾನೆಯ ಮೇಲೆ ಕೂತು ಒಬ್ಬೊಬ್ಬರಾಗಿ ಹೆಸರು ಹೇಳತೊಡಗಿದರು. ಜಾಂಬೋಟಿ ಕಡೆಯ, ಹದಿನಾಲ್ಕರ ಹುಡುಗಿಯೊಬ್ಬಳು ಎದ್ದು ನನ್ನ ಹೆಸರನ್ನೇ ತನ್ನದೆಂದು ಹೇಳಿದಳು. ಕಾಕತಾಳೀಯವೆಂದುಕೊಂಡೆ. ದೇಸೂರಿನ ಹೊಸ ಮದುಮಗಳೂ ಅದನ್ನೇ ಹೇಳಿದಳು. ತಾಯಿಯ ಸೆರಗು ಹಿಡಿದಿದ್ದ ಆರು ವರ್ಷದ ಮಗುವೂ.

ಚಹಾ ಬಸಿಯುತ್ತಿದ್ದ ಮಾವಶಿಯ ಬಳಿ ಹೋಗಿ, ಇದೇನೆಂದು ಹಲ್ಲು ಕಚ್ಚಿ ಕೇಳಿದೆ.

"ಕೂಸಿಗೆ ನೀವ ಹೆಸರು ಇಡ್ರಿ ಅಂದವರಿಗೆಲ್ಲಾ ಬಾಯಿ ಇದನ್ನ ಇಡತಿದ್ದಳು," ಎಂದಳು, ತಲೆಯೆತ್ತದೆ. "ನೀ ಹಾಸ್ಟೆಲ್‌ದಾಗ ಇದ್ದಿ. ಆಕಿ ಆ ಹೆಸರಿಲೆ ಯಾರನ್ನರೆ ಕರೀಬೇಕಲ್ಲಾ?"

ಬೇರೆ ಯಾರಾದರೂ ಇದರಿಂದ ಸಮಾಧಾನ ಪಡುತ್ತಿದ್ದರೇನೋ. ನನಗೆ ಆ ಮೂವರಿಂದಲೂ ಹೆಸರನ್ನು ಕಿತ್ತುಕೊಳ್ಳಬೇಕೆನಿಸಿತು. ಕಾಗದದ ಮೇಲೆ ನಾನು ಓದಿಕೊಂಡ ಹೆಸರನ್ನು ಇವರು ಅವ್ವನ ಬಾಯಿಂದ, ಅವಳ ಮಡಿಲಲ್ಲಿ ಮಲಗಿ ಕೇಳಿದ್ದರು. ಅವ್ವನನ್ನು ಮಳೆಯಲ್ಲಿ ನಡೆಸಿದವರ ವಿರುದ್ಧ ನನ್ನಲ್ಲಿ ನಾಲ್ಕು ಪುಟಗಳಿದ್ದವು. ಇದಕ್ಕೆ ಜವಾಬು ಯಾರನ್ನು ಕೇಳುವುದೆಂದು ತಿಳಿಯಲಿಲ್ಲ.

ಕೊನೆಗೆ ಎಲ್ಲರೂ ನನ್ನತ್ತ ನೋಡಿದರು. ಎದ್ದು ಹೆಸರು ಹೇಳಿದೆ, ಊರು ಹೇಳಿದೆ. ನಾನು ಮಗಳೆಂದು ಅರಿಯದ ಜಾಂಬೋಟಿಯ ಹುಡುಗಿ, ನಿಮಗೂ ಬಾಯಿ ಇದನ್ನೇ ಇಟ್ಟರೇ ಎಂಬಂತೆ ನಕ್ಕು, ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಕೂತೆ. ನಗಲಿಲ್ಲ.