ಗೋಡೆಗೆ ಮುಖ ಮಾಡಿದ ಸಂತ

ಕೊಟ್ಟಿಗೆಹಾರದಲ್ಲಿ ಟೀ ಹೋಟೆಲ್ ಇಟ್ಟಿರುವ ಸೆರಾಫಿನಾ ಬಾಯಮ್ಮನ ಕನ್ನಡಕ ಕಳೆದರೆ ಶಿಕ್ಷೆ ಸಂತ ಅಂತೋಣಿಗೆ. ಕಳೆದದ್ದನ್ನು ಹುಡುಕಿಕೊಡುವ ಸಂತ ತಾನೇ! "ನಿಲ್ಲು ಅಲ್ಲೇ" ಎಂದು ಗಲ್ಲಾಪೆಟ್ಟಿಗೆಯ ಮೇಲಿನ ಪ್ರತಿಮೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾಳೆ. ಸಿಕ್ಕಿದ ಮೇಲೆ ಈಚೆ ತಿರುಗಿಸಿ ಒಂದು ಮೇಣದಬತ್ತಿ ಹಚ್ಚುತ್ತಾಳೆ. ಕನ್ನಡಕ ಎಷ್ಟೋ ಸಲ ಅವಳ ತಲೆಯ ಮೇಲೇ ಇರುತ್ತದೆ. "ನಂದು ಭಕ್ತಿ ಅಲ್ಲ ಮಾರಾಯ, ಪೊಲೀಸ್ ಕೆಲಸ. ನಾಳೆ ಸ್ವರ್ಗದ ಬಾಗಿಲಲ್ಲಿ ನನ್ನನ್ನೂ ಹೀಗೇ ನಿಲ್ಲಿಸ್ತಾರೆ ನೋಡು" ಎಂದು ತಾನೇ ಮೊದಲು ನಗುತ್ತಾಳೆ. ಪಕ್ಕದ ಎಸ್‌ಟಿಡಿ ಬೂತಿನ ವೆಂಕಟರಾಮ ಬೀಗದ ಕೈ ಕಳೆದುಕೊಂಡು ಬಂದು, "ಬಾಯಮ್ಮ, ನಿಮ್ಮ ಸಂತರನ್ನ ಒಂಚೂರು ತಿರುಗಿಸಿ" ಎಂದರೆ ಅವನಿಗೋಸ್ಕರವೂ ತಿರುಗಿಸುತ್ತಾಳೆ. ಪಾಪ, ಸಂತ ಗಿರಾಕಿಗಳ ಮುಖಕ್ಕಿಂತ ಗೋಡೆಯ ಸುಣ್ಣ ನೋಡಿದ್ದೇ ಹೆಚ್ಚು. ಆದರೆ ಈ ಮಳೆಗಾಲದಿಂದ ಶಿಕ್ಷೆ ನಿಂತಿದೆ. ಮದುವೆಯಾದಂದಿನಿಂದ ಅವಳನ್ನು ಸೆರ್ಪಿ ಎಂದೇ ಕರೆಯುತ್ತಿದ್ದ ಗಂಡ ಲಾಜರಸ್‌ಗೆ ಮರೆವು ಹೆಚ್ಚುತ್ತಾ ಬಂದು, ಒಂದು ಬೆಳಿಗ್ಗೆ ಗಿರಾಕಿಗಳ ಬೆಂಚಿನಲ್ಲಿ ಕೂತವನು ಅವಳ ಮುಖ ನೋಡಿ, "ಬಾಯಮ್ಮ, ಒಂದು ಟೀ ಕೊಡಿ" ಎಂದ. ಟೀ ಕೊಟ್ಟು ಬಂದು ಪ್ರತಿಮೆಗೆ ಕೈ ಹಾಕಿದಳು. ತಿರುಗಿಸಲು ಧೈರ್ಯ ಬರಲಿಲ್ಲ. ಸೆರಗಿನಿಂದ ಸಂತನ ಮುಖ ಒರೆಸಿ, ಆ ಬೆಂಚಿನ ಕಡೆಗೇ ಸರಿಯಾಗಿ ಇಟ್ಟು, ಮೊದಲ ಸಲ ಬಹುವಚನದಲ್ಲಿ ಹೇಳಿದಳು: "ಇವರನ್ನ ನೋಡ್ತಾ ಇರಿ."