ಗಡಿಯಲ್ಲಿ ಸಿಕ್ಕಿಬಿದ್ದ ಅತ್ತೆಯ ಹಲ್ಲು

ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ಪಕ್ಕದ ಮನೆಯ ಪುಟ್ಟಮ್ಮ ಬೇಲಿಯಾಚೆಯಿಂದಲೇ ಕೂಗಿದಳು: "ಅಕ್ಕಾ, ನಿಮ್ಮತ್ತೆ ಹಲ್ಲನ್ನ ಬಾವಲಿ ಚೆಕ್‌ಪೋಸ್ಟಲ್ಲಿ ಹಿಡಿದು ಇಟ್ಕೊಂಡವ್ರೆ!"

ಅತ್ತೆ ಒಳಗೆ ಜಪಕ್ಕೆ ಕೂತಿದ್ದರು. ಹಲ್ಲು ಮಾತ್ರ ಬಂಧನದಲ್ಲಿ. ನಿಮ್ಮ ಮನೆಗೂ ಇಂಥ ಸುದ್ದಿ ಬರುತ್ತದೆಯೇ?

ಆದದ್ದಿಷ್ಟು. ಕಳೆದ ತಿಂಗಳು ಊಟ ಮುಗಿಯುವ ಹೊತ್ತಿಗೆ ಅತ್ತೆಯ ಹಲ್ಲು ಸೆಟ್ಟು ಮುರಿದು ಚೂರಾಯಿತು. ನಾನು ಆರಿಸಿದ ಅಕ್ಕಿಯಲ್ಲಿದ್ದ ಕಲ್ಲು ಕಾರಣವೆಂದು ಅತ್ತೆಯ ತೀರ್ಪು. (ಒಣ ಅಡಿಕೆಯ ಹೋಳು ಎಂದು ನನ್ನದು. ಆದರೆ ನಮ್ಮ ಮನೆಯಲ್ಲಿ ಮೇಲಿನ ಕೋರ್ಟಿಲ್ಲ.) ಹಲ್ಲು ಹೋದರೂ ದೇವರು ನಾಲಿಗೆಯನ್ನು ಪೂರ್ತಿ ಉಳಿಸಿಕೊಟ್ಟ. ಅವನ ಕೃಪೆಯನ್ನು ಅಳೆಯಲು ನಾನ್ಯಾರು?

ಗಂಜಿ ಕಾಯಿಸಿ ಕೊಡುವುದು ಕಷ್ಟವಲ್ಲ. ಆದರೆ ಭಜನೆ? ಮೈಸೂರು ಸೀಮೆಯಿಂದ ಗಡಿ ದಾಟಿ ಬಂದು ಈ ಕಾಡಂಚಿನಲ್ಲಿ ನೆಲೆಸಿದ ಹೆಂಗಸರೆಲ್ಲ ಶನಿವಾರ ಸೇರುವುದು ನಮ್ಮ ಜಗಲಿಯಲ್ಲೇ. ಹೇಳಿಕೊಡುವವರು ಅತ್ತೆ. "ಬೊಚ್ಚುಬಾಯಿ ತೆರ್ಕೊಂಡು ದೇವರ ಮುಂದೆ ಕೂರಲ್ಲ" ಎಂದುಬಿಟ್ಟರು. ಅವರ ಬದಲು ನಾನು ಹಾಡಿದೆ. ಮರುವಾರ ಯಾರೂ ಬರಲಿಲ್ಲ.

ಸೆಟ್ಟು ಮಾಡಿಕೊಟ್ಟಿದ್ದ ಮಾನಂತವಾಡಿಯ ಡಾಕ್ಟರು ಮಲೇರಿಯಾಕ್ಕೆ ಹೆದರಿ ಮೈಸೂರು ಸೇರಿದ್ದರು. (ನಾವು ಜೀವನ ಹುಡುಕಿಕೊಂಡು ಅಲ್ಲಿಂದ ಇಲ್ಲಿಗೆ; ಅವರು ಜೀವ ಹಿಡಿದುಕೊಂಡು ಇಲ್ಲಿಂದ ಅಲ್ಲಿಗೆ.) ಅವರ ಜಾಗಕ್ಕೆ ಮಲಯಾಳಿ ಡಾಕ್ಟರಮ್ಮ ಬಂದಿದ್ದಾರೆ. ಅಳತೆಗೆಂದು ಮೇಣ ತುಂಬುವ ತಗಡಿನ ಬಟ್ಟಲು ಎತ್ತಿಕೊಂಡರು. ಅತ್ತೆ ತುಟಿ ಬಿಗಿದರು.

"ಇದು ಯಾರ್ಯಾರ ಬಾಯಿಗೆ ಹೋಗಿತ್ತೋ!"

"ಕುದಿಸಿದ್ದೇನೆ ಅಮ್ಮೇ."

"ಎಂಜಲು ಕುದಿಸಿದ್ರೆ ಬಿಸಿ ಎಂಜಲು, ಅಷ್ಟೇ."

ಹಳೆಯ ಡಾಕ್ಟರು ಅತ್ತೆಯ ಕಣ್ಣೆದುರೇ ಹೊಸ ಬಟ್ಟಲಿನ ಪೊಟ್ಟಣ ಬಿಚ್ಚಿದ್ದರಂತೆ. "ನನ್ನ ಬಾಯಿನ ಅಚ್ಚು ಅವ್ರ ಹತ್ರಾನೇ ಇದೆ, ತರ್ಸಿ" ಎಂದು ಅತ್ತೆ ಪಟ್ಟು ಹಿಡಿದರು. ಯಜಮಾನರು ಕಾರ್ಡು ಬರೆದರು. ಆ ಪುಣ್ಯಾತ್ಮ ಡಾಕ್ಟರು ಸುಣ್ಣದಂಥ ಬಿಳಿ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರು. ನಮ್ಮ ಕಡೆ ವೀಳ್ಯದೆಲೆಯಿಂದ ಮದುವೆ ಸೀರೆಯವರೆಗೆ ಗಡಿ ದಾಟುವುದು ಕಂಡಕ್ಟರ ಕೈಯಲ್ಲೇ ಅಲ್ಲವೇ? ಆದರೆ ಈಗ ಅಕ್ಕಿಗೆ ಕಂಟ್ರೋಲ್, ಪರ್ಮಿಟ್ ಇಲ್ಲದೆ ಗಡಿ ದಾಟಿಸುವಂತಿಲ್ಲ. ಭಾರದ ಚೀಲ, ಉದುರುವ ಬಿಳಿ ಹುಡಿ. ಹಿಡಿಯಲು ಇನ್ನೇನು ಬೇಕು?

ಮೊರ ಬಿಟ್ಟು ಓಡಿದೆ. ಹಿಡಿದ ಅಕ್ಕಿ ಮೂಟೆಗಳ ನಡುವೆ, ಮೇಜಿನ ಮೇಲೆ, ಅತ್ತೆಯ ಬಾಯಿ.

"ಚೇಚೀ, ಇದೆಂಥ ಸಾಮಾನು?" ಎಂದರು ಚೆಕ್‌ಪೋಸ್ಟಿನವರು.

"ನಮ್ಮತ್ತೆ ಬಾಯಿ ಸಾರ್."

"ಪರ್ಮಿಟ್ ಉಂಟಾ?"

"ನೀವು ಹಿಡಿಯೋದು ಅಕ್ಕೀನ. ಇದು ಅಕ್ಕಿ ತಿನ್ನೋ ಸಾಮಾನು. ಇದಕ್ಕೂ ಕಂಟ್ರೋಲ್ ಬಂತಾ?"

ಬಸ್ಸಿನಲ್ಲಿದ್ದವರೆಲ್ಲ ಗೊಳ್ಳೆಂದರು. ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ತಿರುನೆಲ್ಲಿಯ ದೇವರು ದೊಡ್ಡವನು, ಬಾಯಿ ಬಿಡುಗಡೆಯಾಯಿತು.

ಮರುದಿನ ಡಾಕ್ಟರಮ್ಮ ಅಚ್ಚು ನೋಡಿದರು, ಅತ್ತೆಯ ಬಾಯೊಳಗೆ ಟಾರ್ಚು ಬಿಟ್ಟು ನೋಡಿದರು. "ಅಮ್ಮೇ, ಇದು ಹಳೇ ಬಾಯಿ. ಈಗ ಒಸಡು ಕರಗಿದೆ. ಇದರ ಮೇಲೆ ಹಲ್ಲು ಮಾಡಿದರೆ ಹಾಡುವಾಗ ಬಿದ್ದುಹೋಗುತ್ತೆ."

ಅತ್ತೆಯ ಮುಖ ಸಣ್ಣಗಾಯಿತು. ಆ ಕ್ಷಣ, ಸುಳ್ಳು ಹೇಳುವುದಿಲ್ಲ, ನನಗೂ ಸಂಕಟವಾಯಿತು. ಡಾಕ್ಟರಮ್ಮ ಆ ತಗಡಿನ ಬಟ್ಟಲನ್ನು ತಂದು ಅತ್ತೆಯ ಮಡಿಲಿಗೆ ಇಟ್ಟರು. "ಮನೆಗೆ ಕೊಂಡುಹೋಗಿ. ನಿಮ್ಮ ಮಡಿ ಹೇಗೋ ಹಾಗೆ ತೊಳೆದು ತನ್ನಿ. ನಿಮ್ಮ ಕೈಯಾರೆ ಬಾಯಿಗೆ ಇಟ್ಟುಕೊಳ್ಳಿ."

ಅತ್ತೆ ಹುಣಸೆ ಹಚ್ಚಿ, ಬೂದಿ ಹಾಕಿ ಉಜ್ಜಿ, ತುಳಸಿ ನೀರು ಪ್ರೋಕ್ಷಿಸಿ, ದೇವರ ಗೂಡಿನಲ್ಲಿಟ್ಟರು. ನಿನ್ನೆ ಅಳತೆ ಆಯಿತು. ಎರಡು ರಾಜ್ಯ, ಒಂದು ಬಸ್ಸು, ಸರ್ಕಾರದ ಕಾಯ್ದೆ ಎಲ್ಲ ಓಡಾಡಿದ್ದು ಒಂದು ಹಿಡಿ ಹುಣಸೆಹಣ್ಣಿನಲ್ಲಿ ಮುಗಿಯುವ ಕೆಲಸಕ್ಕೆ.

ಹಳೆಯ ಅಚ್ಚನ್ನು ಎಸೆಯಲು ಹೋದೆ. "ಸರ್ಕಾರವೇ ಹಿಡಿದು ಬಿಟ್ಟ ಬಾಯಿ ಕಣೇ, ಇರ್ಲಿ" ಎಂದರು ಅತ್ತೆ. ಇದೆ, ಉಪ್ಪಿನ ಭರಣಿಯ ಪಕ್ಕದಲ್ಲಿ.

ಶನಿವಾರದ ಭಜನೆಗೆ ಹೊಸ ಹಲ್ಲು ಬರುತ್ತದೆ. ನಾನು ಮತ್ತೆ ಮೊರದ ಮುಂದೆ ಕೂತಿದ್ದೇನೆ. ಅಡಿಕೆ ಡಬ್ಬಿಯೂ ಇದ್ದಲ್ಲೇ ಇದೆ. ಹೊಸ ಹಲ್ಲಿಗೆ ಸಿಗುವ ಮೊದಲ ಕಲ್ಲು ಯಾರ ಲೆಕ್ಕಕ್ಕೆಂದು ನಾನು ಬೇರೆ ಹೇಳಬೇಕೇ?